ಕಟ್ಟು ಬಿಚ್ಚುವ ಮುನ್ನ

ನಾಟಕಕಾರ ಸಂಸರು 1939ರಲ್ಲಿ ತೀರಿಕೊಂಡರು. ಅವರು ಇಪ್ಪತ್ತಕ್ಕೂ ಹೆಚ್ಚು ನಾಟಕ ಬರೆದಿದ್ದರೆಂದು ನಮ್ಮ ಸಾಹಿತ್ಯ ಚರಿತ್ರೆ ಹೇಳುತ್ತದೆ. ಸಿಕ್ಕಿರುವುದು ಆರೇ ಆರು. ಮೈಸೂರು ಅರಸರ ಚರಿತ್ರೆಯನ್ನು ನಾಟಕದಿಂದ ನಾಟಕಕ್ಕೆ ಹೆಣೆಯುತ್ತ ಹೋದ ಲೇಖಕ ಅವರು. ‘ವಿಗಡ ವಿಕ್ರಮರಾಯ’ ಓದಿದವರಿಗೆ ಆ ಆರರ ಲೆಕ್ಕ ಎಷ್ಟು ನೋವಿನದೆಂದು ಗೊತ್ತು. ನೆಲೆ ನಿಲ್ಲದೆ ಅಲೆದ ಮನುಷ್ಯನ ಕಾಗದಗಳಿಗೂ ನೆಲೆ ಸಿಗಲಿಲ್ಲ. ಕಾನೂನಿನ ಪ್ರಕಾರ ಲೇಖಕ ತೀರಿಕೊಂಡ 60 ವರ್ಷಗಳ ತನಕ ಅವನ ಪ್ರಕಟಿತ ಕೃತಿಗಳ ಹಕ್ಕು ವಾರಸುದಾರರದು. ಸಂಸರ ಮಟ್ಟಿಗೆ ಆ ಅವಧಿ 1999ಕ್ಕೇ ಮುಗಿದಿದೆ. ಈಗ ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಆದರೆ ಆ ಆರರಾಚೆ ಅಚ್ಚು ಹಾಕಿಸಲು ನಾಟಕಗಳಿಲ್ಲ. ಟಿ.ಪಿ. ಕೈಲಾಸಂ ನಾಟಕಗಳನ್ನು ಬಾಯಲ್ಲಿ ಹೇಳುತ್ತ ಹೋದರು, ಗೆಳೆಯರು ಬರೆದುಕೊಂಡಷ್ಟು ಉಳಿಯಿತು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವನ್ನು ಇವತ್ತು ನೋಡೋಣವೆಂದರೆ ಒಂದು ಪ್ರತಿಯೂ ಇಲ್ಲ.

ಇದನ್ನೆಲ್ಲ ಗೆದ್ದಲು, ಮಳೆ, ಬೆಂಕಿಯ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ನಮಗೆ ರೂಢಿ. ಆದರೆ ಎಲ್ಲರ ಕಣ್ಣೆದುರಿಗೇ, ಒಳ್ಳೆಯ ಮನಸ್ಸಿನಿಂದಲೇ ನಡೆಯುವ ಇನ್ನೊಂದು ಬಗೆಯ ನಷ್ಟವಿದೆ. ಹಿರಿಯ ಲೇಖಕರೋ ಕಲಾವಿದರೋ ತೀರಿಕೊಂಡ ಮೇಲೆ ಮನೆಯವರು ಪುಸ್ತಕಗಳನ್ನು ಊರಿನ ಗ್ರಂಥಾಲಯಕ್ಕೆ ಕೊಡುತ್ತಾರೆ. ಹೆಸರಾದ ಕೃತಿಯ ಹಸ್ತಪ್ರತಿ ಒಂದು ಸಂಸ್ಥೆಗೆ ಹೋಗುತ್ತದೆ. ದೊಡ್ಡವರು ಬರೆದ ನಾಲ್ಕು ಪತ್ರಗಳನ್ನು ಪಿಎಚ್.ಡಿ. ಮಾಡುವವರೊಬ್ಬರು ಕೇಳಿ ಒಯ್ಯುತ್ತಾರೆ. ಪ್ರಶಸ್ತಿ ಫಲಕಗಳು ಗಾಜಿನ ಕಪಾಟು ಸೇರುತ್ತವೆ. ಉಳಿದ ಚೀಟಿ, ರಸೀದಿ, ಅರ್ಧ ಬರೆದ ಹಾಳೆ, ಹೆಸರಿಲ್ಲದ ಕ್ಯಾಸೆಟ್ಟುಗಳೆಲ್ಲ ಮನೆ ಬದಲಿಸುವ ಹೊತ್ತಿಗೆ ಗುಜರಿಗೆ ಹೋಗುತ್ತವೆ. ಇಲ್ಲಿ ಯಾರೂ ಅಸಡ್ಡೆ ಮಾಡಿರುವುದಿಲ್ಲ. ಆದರೂ ಒಂದು ಬದುಕಿನ ದಾಖಲೆ ಚೂರುಚೂರಾಗಿರುತ್ತದೆ. ಒಬ್ಬರ ಕಾಗದಪತ್ರಗಳ ಬೆಲೆ ಅವು ಒಟ್ಟಿಗಿರುವುದರಲ್ಲಿದೆ. ಬಿಡಿಬಿಡಿಯಾಗಿ ಉಳಿಸಿದರೆ ಅರ್ಧ ಕಳೆದಂತೆಯೇ. ಇವತ್ತು ನಿಮ್ಮ ಮುಂದೆ ನಾನು ಹೇಳಬೇಕೆಂದಿರುವುದು ಇಷ್ಟನ್ನೇ.

ಪತ್ರಾಗಾರಗಳ ಕೆಲಸದಲ್ಲಿ ಇದು ಹೊಸ ಮಾತಲ್ಲ. 1898ರಲ್ಲಿ ಹಾಲೆಂಡಿನ ಮೂವರು ಪತ್ರಾಗಾರ ತಜ್ಞರು ಒಂದು ಕೈಪಿಡಿ ಬರೆದು, ಕಾಗದಗಳು ಯಾರ ಬಳಿಯಿಂದ ಬಂದವೋ ಅವರ ಹೆಸರಿನಲ್ಲೇ ಒಟ್ಟಿಗಿರಬೇಕು, ಅವರು ಇಟ್ಟುಕೊಂಡಿದ್ದ ಕ್ರಮದಲ್ಲೇ ಇರಬೇಕು ಎಂಬ ನಿಯಮವನ್ನು ನೆಲೆಗೊಳಿಸಿದರು. ಗ್ರಂಥಪಾಲಕರಿಗೆ ಇದು ವಿಚಿತ್ರವಾಗಿ ಕಾಣಬಹುದು, ಅವರದು ವಿಷಯವಾರು ಜೋಡಿಸುವ ಕೆಲಸ. ಕಾಗದದ ಕಟ್ಟಿನ ಸಂಗತಿ ಬೇರೆ. ಒಂದು ಕಡತದಲ್ಲಿ ಮದುವೆ ಆಮಂತ್ರಣದ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದ ಕವಿತೆಯ ಮೊದಲ ಕರಡು ಇದೆಯೆಂದುಕೊಳ್ಳಿ. ಕರಡಿಗೆ ತಾರೀಕಿಲ್ಲ, ಆಮಂತ್ರಣಕ್ಕಿದೆ. ಆ ಆಮಂತ್ರಣ ಅಚ್ಚಾಗುವ ಮೊದಲು ಕವಿತೆ ಆ ಹಾಳೆಗೆ ಇಳಿದಿರಲು ಸಾಧ್ಯವಿಲ್ಲ. ಅದರ ಕೆಳಗೆ ಸಂಪಾದಕರೊಬ್ಬರ ಕಾರ್ಡಿದೆ, ‘ಕೊನೆಯ ಸಾಲು ಬೇಡವೆನಿಸುತ್ತದೆ’ ಎಂದು. ಅದರಡಿಯ ಎರಡನೆಯ ಕರಡಿನಲ್ಲಿ ಕೊನೆಯ ಸಾಲು ಇಲ್ಲ. ಮೂರು ಹಾಳೆಗಳಿಗೂ ತುಕ್ಕು ಹಿಡಿದ ಒಂದೇ ಗುಂಡುಪಿನ್ನು. ಕಾರ್ಡನ್ನು ‘ಪತ್ರಗಳು’ ಎಂಬ ಪೆಟ್ಟಿಗೆಗೂ ಕರಡನ್ನು ‘ಕವಿತೆಗಳು’ ಎಂಬ ಪೆಟ್ಟಿಗೆಗೂ ಹಾಕಿ, ಆಮಂತ್ರಣವೆಂದುಕೊಂಡು ಮೊದಲ ಹಾಳೆಯನ್ನು ಎಸೆದರೆ, ಒಂದು ಕವಿತೆ ಆದ ಬಗೆ ಮತ್ತೆಂದೂ ತಿಳಿಯದು. ತುಕ್ಕಿನ ಪಿನ್ನನ್ನು ತೆಗೆಯಲೇಬೇಕು, ಇಲ್ಲವಾದರೆ ಅದು ಕಾಗದವನ್ನು ತಿನ್ನುತ್ತದೆ. ಆದರೆ ತೆಗೆಯುವ ಮುಂಚೆ ಆ ಮೂರು ಹಾಳೆ ಒಟ್ಟಿಗಿದ್ದವೆಂದು ಬರೆದಿಡಬೇಕು.

ನಮ್ಮ ಮೈಸೂರಿನದೇ ದೊಡ್ಡ ಉದಾಹರಣೆಯನ್ನು ಈ ಕಣ್ಣಿನಿಂದ ನೋಡಬಹುದು. ಒಂದು ತಾಳೆಗರಿ ಕಟ್ಟು ಪ್ರಾಚ್ಯ ಗ್ರಂಥಾಲಯಕ್ಕೆ ಬಂತು, ಅದರಲ್ಲಿ ಕೌಟಿಲ್ಯನ ‘ಅರ್ಥಶಾಸ್ತ್ರ’ ಇದೆಯೆಂದು ಆರ್. ಶಾಮಶಾಸ್ತ್ರಿಗಳು ಗುರುತಿಸಿದರು, 1909ರಲ್ಲಿ ಅದು ಅಚ್ಚಾಯಿತು, ಭಾರತದ ಚರಿತ್ರೆ ಬರೆಯುವ ರೀತಿಯೇ ಬದಲಾಯಿತು. ಖಾಸಗಿ ಮನೆಯೊಂದರ ಕಟ್ಟು ಸಾರ್ವಜನಿಕ ಸಂಸ್ಥೆಯ ಕೈಗೆ ಬಂದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಅದನ್ನು ತಂದುಕೊಟ್ಟವರ ಬಗ್ಗೆ ಶಾಸ್ತ್ರಿಗಳು ಬರೆದಿರುವುದು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಎಂದಷ್ಟೇ. ಯಾವ ಊರು, ಯಾರ ಮನೆತನ, ಆ ಮನೆಯಲ್ಲಿ ಅದರ ಪಕ್ಕದಲ್ಲಿ ಇನ್ನಾವ ಕಟ್ಟುಗಳಿದ್ದವು ಎಂಬ ಮೂರು ಸಾಲು ಜೊತೆಗಿದ್ದಿದ್ದರೆ ಆ ಗ್ರಂಥವನ್ನು ಯಾರು ಯಾತಕ್ಕಾಗಿ ನಕಲು ಮಾಡಿ ಓದುತ್ತಿದ್ದರು ಎಂಬುದೂ ತಿಳಿಯುತ್ತಿತ್ತು.

ಕಟ್ಟು ಒಡೆಯದೆ ಉಳಿದರೆ ಆಗುವ ಲಾಭಕ್ಕೆ ಎ.ಕೆ. ರಾಮಾನುಜನ್ ಅವರ ಕಾಗದಗಳನ್ನು ನೋಡಬೇಕು. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು 1993ರಲ್ಲಿ ಷಿಕಾಗೋದಲ್ಲಿ ತೀರಿಕೊಂಡರು. ದಿನಚರಿ, ಕವಿತೆಗಳ ಕರಡು, ಅನುವಾದದ ಟಿಪ್ಪಣಿ, ಪತ್ರ, ಪಾಠದ ಸಿದ್ಧತೆ ಎಲ್ಲವೂ ಅವರು ಕಲಿಸುತ್ತಿದ್ದ ಷಿಕಾಗೋ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಂದೇ ಸಂಗ್ರಹವಾಗಿ ಸೇರಿದವು. ರಾಮಾನುಜನ್ ‘ಹೊಕ್ಕುಳಲ್ಲಿ ಹೂವಿಲ್ಲ’ ಬರೆದ ಕನ್ನಡ ಕವಿ, ಇಂಗ್ಲಿಷಿನ ಕವಿ, ವಚನಗಳನ್ನೂ ಸಂಗಂ ಕವಿತೆಗಳನ್ನೂ ಇಂಗ್ಲಿಷಿಗೆ ತಂದ ಅನುವಾದಕ, ಕರ್ನಾಟಕದ ಅಜ್ಜಿಕತೆಗಳನ್ನು ಕಲೆಹಾಕಿದ ಜಾನಪದ ವಿದ್ವಾಂಸ. ನಮ್ಮ ರೂಢಿಯಂತೆ ಹಂಚಿದ್ದರೆ ಕನ್ನಡದ ಹಾಳೆಗಳು ಒಂದೆಡೆ, ಇಂಗ್ಲಿಷಿನವು ಇನ್ನೊಂದೆಡೆ, ಕತೆಗಳು ಮತ್ತೊಂದೆಡೆ ಹೋಗಿ, ನಾಲ್ವರು ರಾಮಾನುಜನ್‌ಗಳು ಒಬ್ಬರಿಗೊಬ್ಬರು ಅಪರಿಚಿತರಾಗಿ ಉಳಿಯುತ್ತಿದ್ದರು. ಒಂದೇ ಮೇಜಿನ ಮೇಲೆ ಎಲ್ಲವೂ ಸಿಗುವುದರಿಂದಲೇ ವಿದ್ವಾಂಸ ಗಿಯೆರ್ಮೊ ರೊಡ್ರಿಗೆಜ್ ಅವರಿಗೆ ರಾಮಾನುಜನ್ ಕಾವ್ಯತತ್ವದ ಬಗ್ಗೆ 2016ರಲ್ಲಿ ದೊಡ್ಡ ಅಧ್ಯಯನ ತರಲು ಆಯಿತು. 2019ರಲ್ಲಿ ದಿನಚರಿಯ ಭಾಗಗಳು ‘ಜರ್ನೀಸ್’ ಹೆಸರಿನಲ್ಲಿ ಬಂದವು. 2023ರಲ್ಲಿ ‘ಸೋಮ’ ಕವಿತೆಗಳು ಹೊರಬಂದವು, ಕವಿ ಹೋಗಿ ಮೂವತ್ತು ವರ್ಷವಾದ ಮೇಲೆ.

‘ಸೋಮ’ದ ಹೆಸರೆತ್ತಿದೊಡನೆ ಒಂದು ಆಕ್ಷೇಪ ಏಳುತ್ತದೆ, ಅದನ್ನು ತಳ್ಳಿಹಾಕಲಾಗದು. ತಾವಿದ್ದಾಗ ಪುಸ್ತಕವಾಗಿ ತರದ ಕವಿತೆಗಳನ್ನು ಸತ್ತ ಮೇಲೆ ತರುವುದು ಸರಿಯೇ? ದಿನಚರಿಯೆಂದರೆ ತನಗೆ ತಾನೇ ಬರೆದುಕೊಂಡದ್ದಲ್ಲವೇ? ಮನೆಯವರ ಅಳುಕು ಇನ್ನೂ ಆಳದ್ದು: ಪತ್ರಗಳಲ್ಲಿ ಸಾಲದ ಮಾತಿರುತ್ತದೆ, ಕಾಯಿಲೆಯ ಮಾತಿರುತ್ತದೆ, ಬದುಕಿರುವ ಮೂರನೆಯವರ ಹೆಸರಿರುತ್ತದೆ. ಈ ಅಳುಕು ನ್ಯಾಯವಾದದ್ದು ಎಂದೇ ನನ್ನ ಎಣಿಕೆ. ಮನೆಯವರು ಪತ್ರ ಸುಟ್ಟರೆಂದು ಅವರನ್ನು ಬಯ್ಯುವ ಹಕ್ಕು ನಮಗಿಲ್ಲ, ಸುಡದೆಯೂ ಗುಟ್ಟು ಕಾಯಬಹುದೆಂದು ಅವರಿಗೆ ಯಾರಾದರೂ ಹೇಳಿದ್ದರೇ ಎಂದು ಕೇಳಬೇಕು. ಒಳ್ಳೆಯ ಪತ್ರಾಗಾರ ಕಾಗದ ಪಡೆಯುವಾಗ ಒಪ್ಪಂದ ಬರೆದುಕೊಳ್ಳುತ್ತದೆ. ಇಂಥ ಪೆಟ್ಟಿಗೆಯನ್ನು ಇಷ್ಟು ವರ್ಷ ತೆರೆಯಬಾರದು, ಇದನ್ನು ಓದಬಹುದು ಆದರೆ ನಕಲು ತೆಗೆಯಬಾರದು, ಇದನ್ನು ಅಚ್ಚು ಹಾಕಿಸಲು ಮನೆಯವರ ಒಪ್ಪಿಗೆ ಬೇಕು ಎಂದೆಲ್ಲ ಅದರಲ್ಲಿ ಬರೆಸಬಹುದು. 1982ರಲ್ಲಿ ಆರಂಭವಾಗಿ ಈಗ ಗುರುಗ್ರಾಮದಲ್ಲಿರುವ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಸಂಗೀತ ಪತ್ರಾಗಾರ ಧ್ವನಿಮುದ್ರಣಗಳನ್ನು ಪಡೆಯುವುದು ಇಂಥ ಷರತ್ತುಗಳಿಗೆ ಒಪ್ಪಿಯೇ. ಇನ್ನೊಂದು ಸಂಗತಿಯನ್ನು ಮನೆಯವರಿಗೆ ಮರೆಯದೆ ಹೇಳಬೇಕು: ಕಾಗದ ಕೊಟ್ಟಮಾತ್ರಕ್ಕೆ ಕೃತಿಯ ಹಕ್ಕು ಕೈಬಿಡುವುದಿಲ್ಲ. ಲೇಖಕರಿಗೆ ಬಂದ ಪತ್ರಗಳಲ್ಲಿನ ಮಾತಿನ ಹಕ್ಕಂತೂ ಅವನ್ನು ಬರೆದವರದು, ಹಾಳೆ ಮಾತ್ರ ಮನೆಯವರದು. ಈ ಎರಡನ್ನೂ ಬಿಡಿಸಿ ಹೇಳಿದರೆ ಅರ್ಧ ಭಯ ಕಳೆಯುತ್ತದೆ. ಪ್ರಕಟಿಸುವುದು, ಬಿಡುವುದು ಆಮೇಲಿನ ವಿಚಾರ. ಉಳಿದಿದ್ದರೆ ತಾನೇ ಅದರ ಮೇಲೆ ವಾದ!

ಮೈಸೂರಿನ ಕವಿಯ ಕಾಗದ ಷಿಕಾಗೋದಲ್ಲೇಕೆ ಎಂದು ಕೇಳುವವರಿದ್ದಾರೆ. ರಾಮಾನುಜನ್ ಮೂರು ದಶಕ ಬದುಕಿ ಬರೆದದ್ದು ಅಲ್ಲಿಯೇ, ಆದ್ದರಿಂದ ಆ ಕಾಗದಕ್ಕೆ ಅದು ಪರಸ್ಥಳವಲ್ಲ. ಬಾಸೆಲ್ ಮಿಶನ್ನಿನವರು ಕರಾವಳಿ ಮತ್ತು ಧಾರವಾಡದ ಕಡೆಯಿಂದ ಬರೆದ ವರದಿಗಳೂ ತೆಗೆದ ಫೋಟೋಗಳೂ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದಲ್ಲಿ ಕಾಪಾಡಲ್ಪಟ್ಟಿವೆ, ಆ ಸಂಸ್ಥೆಗೆ ಅವು ಹೋಗಬೇಕಾದ ಕಾಗದಗಳೇ ಆಗಿದ್ದವು. ನನಗೆ ಕಳವಳ ತರುವುದು ಇಲ್ಲೇ ಬರೆದು ಇಲ್ಲೇ ತೀರಿಕೊಂಡವರ ಸಂಗ್ರಹಗಳು. 2015ರ ನವೆಂಬರಿನಲ್ಲಿ ಕುಪ್ಪಳಿಯ ಕವಿಮನೆಯಿಂದ ಕುವೆಂಪು ಅವರ ಪದ್ಮ ಪದಕಗಳು ಕಳುವಾದಾಗ ನಾಡಿಗೆ ನಾಡೇ ನೊಂದಿತು, ನೋಯಬೇಕಾದದ್ದೇ. ಯಾವುದೋ ಮನೆಯ ಅಟ್ಟದಿಂದ ಒಂದು ಟ್ರಂಕು ಕಾಗದ ಗುಜರಿಗೆ ಹೋದ ದಿನ ಅಂಥ ನೋವು ಯಾರಿಗೂ ಆಗುವುದಿಲ್ಲ. ಪದಕವನ್ನು ಹೋಲುವ ಪ್ರತಿಯನ್ನಾದರೂ ಮಾಡಿಸಬಹುದು.

ಕಾಗದಕ್ಕಿಂತ ತುರ್ತಾದದ್ದು ಧ್ವನಿ. ತಾಳಮದ್ದಳೆಯನ್ನೇ ತೆಗೆದುಕೊಳ್ಳಿ. ಪ್ರಸಂಗದ ಪದ್ಯಗಳು ಪುಸ್ತಕದಲ್ಲಿವೆ. ಅರ್ಥ ಹುಟ್ಟುವುದು ಆ ರಾತ್ರಿ, ಆ ಕೂಟದಲ್ಲಿ, ಎದುರು ಕೂತ ಅರ್ಥಧಾರಿಯ ಮಾತಿಗೆ ಮಾತಾಗಿ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾದವೈಖರಿ ಮುಂದಿನವರಿಗೆ ಕೇಳಸಿಗುವುದು ಅಭಿಮಾನಿಗಳು ಮುಂದಿನ ಸಾಲಿನಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡ ಕ್ಯಾಸೆಟ್ಟುಗಳಲ್ಲಿ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಕೇಂದ್ರ ಜಾನಪದ ಕಲೆಗಳನ್ನು ಕ್ರಮವಾಗಿ ಮುದ್ರಿಸಿಡುವ ದಾರಿ ತೋರಿಸಿತು. ಮನೆಮನೆಯ ಕ್ಯಾಸೆಟ್ಟುಗಳು ಅದರಾಚೆಯ ಸಂಪತ್ತು. ಇಲ್ಲಿಯೂ ಕಟ್ಟಿನ ನಿಯಮವೇ. ಮೇಲೆ ‘ಕರ್ಣಪರ್ವ’ ಎಂದಷ್ಟೇ ಬರೆದ ಕ್ಯಾಸೆಟ್ಟು ಕಿವಿಗೆ ಸುಖ ಕೊಡುತ್ತದೆ, ಚರಿತ್ರೆಗೆ ಸಾಕ್ಷಿಯಾಗುವುದಿಲ್ಲ. ಯಾವ ಊರು, ಯಾವ ತಾರೀಕು, ಭಾಗವತರು ಯಾರು, ಕರ್ಣ ಯಾರು, ಶಲ್ಯ ಯಾರು ಎಂಬುದು ಮುದ್ರಿಸಿದವರ ನೆನಪಿನಲ್ಲೋ ಅವರ ಡೈರಿಯಲ್ಲೋ ಇರುತ್ತದೆ. ಕ್ಯಾಸೆಟ್ಟು ತೆಗೆದುಕೊಂಡು ಡೈರಿ ಬಿಟ್ಟು ಬಂದರೆ ಕೆಲಸ ಕೆಟ್ಟಂತೆ. ಇದಕ್ಕೆ ಹೆಚ್ಚು ಸಮಯವಿಲ್ಲ. ಟೇಪಿನ ಮೇಲಿನ ಕಾಂತೀಯ ಲೇಪ ಅಂಟುಬಿಟ್ಟು ಉದುರುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಅದಕ್ಕೂ ಮೊದಲೇ ಅದನ್ನು ನುಡಿಸುವ ಯಂತ್ರಗಳೂ ಅವುಗಳ ಬಿಡಿಭಾಗಗಳೂ ಮಾರುಕಟ್ಟೆಯಿಂದ ಮರೆಯಾಗಿವೆ. ಯುನೆಸ್ಕೋ 2019ರಲ್ಲಿ ಜಗತ್ತಿನ ಎಲ್ಲ ಟೇಪ್ ಸಂಗ್ರಹಗಳ ಬಗ್ಗೆ ಎಚ್ಚರಿಕೆ ಕೊಟ್ಟದ್ದು ಈ ಕಾರಣಕ್ಕೇ.

ಹಾಗಾದರೆ ಎಲ್ಲವನ್ನೂ ಸ್ಕ್ಯಾನ್ ಮಾಡಿ, ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿ, ಮೂಲವನ್ನು ಬಿಟ್ಟುಬಿಡಬಹುದಲ್ಲ ಎನ್ನುತ್ತಾರೆ. ಇಳಿಸಲೇಬೇಕು, ಟೇಪಿನ ಮಟ್ಟಿಗೆ ಬೇರೆ ದಾರಿಯೇ ಇಲ್ಲ. ಅಲ್ಲಿಗೆ ಕೆಲಸ ಮುಗಿಯಿತೆಂಬ ನಂಬಿಕೆಗೆ ಮಾತ್ರ ಕನ್ನಡದಲ್ಲೇ ಉತ್ತರವಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನಾವು ಬರಹ, ನುಡಿ, ಶ್ರೀಲಿಪಿಗಳಲ್ಲಿ ಟೈಪ್ ಮಾಡಿದೆವು. ಆಗ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲಿ ಕೂರಿಸಲಾಗುತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಆ ಕಡತ ತೆರೆದರೆ ಪರದೆಯ ತುಂಬ ಕೊಂಬು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳು, ನಡುನಡುವೆ ಅಲ್ಪವಿರಾಮಗಳು. ಕನ್ನಡದ ಒಂದು ಪದವಿಲ್ಲ. ಪರಿವರ್ತಕಗಳಿವೆ, ಆದರೆ ಯಾವ ಫಾಂಟ್, ಅದರ ಯಾವ ಆವೃತ್ತಿ ಎಂದು ತಿಳಿಯದಿದ್ದರೆ ಒತ್ತಕ್ಷರಗಳೂ ಅರ್ಕಾವತ್ತುಗಳೂ ದಿಕ್ಕೆಡುತ್ತವೆ. 1990ರ ದಶಕದಿಂದ ಕಂಪ್ಯೂಟರಿನಲ್ಲೇ ಬರೆದ ಒಂದು ತಲೆಮಾರಿನ ಲೇಖಕರ ಕರಡುಗಳು ಈ ಸ್ಥಿತಿಯಲ್ಲಿವೆ. ಮೂವತ್ತು ವರ್ಷಕ್ಕೇ ಓದಲಾರದಂತಾದ ಕಡತಗಳ ಎದುರು ಸಾವಿರ ವರ್ಷಕ್ಕೂ ಎಷ್ಟೋ ಹಿಂದಿನ ಹಲ್ಮಿಡಿ, ಬಾದಾಮಿ ಶಾಸನಗಳನ್ನು ಓದುತ್ತಲೇ ಇದ್ದೇವೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯ ಸಲ್ಮಾನ್ ರಶ್ದಿ ಅವರ ಸಂಗ್ರಹ ಪಡೆದಾಗ ಅವರ ಹಳೆಯ ಕಂಪ್ಯೂಟರುಗಳನ್ನೂ ಪಡೆಯಿತು. 2010ರಲ್ಲಿ ಅವರ ಒಂದು ಯಂತ್ರದ ಪರದೆ ಅವರಿಗೆ ಹೇಗೆ ಕಾಣುತ್ತಿತ್ತೋ ಹಾಗೆಯೇ ಓದುಗರಿಗೆ ತೆರೆದಿಟ್ಟಿತು. ನಮ್ಮ ಲೇಖಕರ ಸಂಗ್ರಹ ತರುವವರೂ ಸಿ.ಡಿ.ಯ ಜೊತೆಗೆ ಫಾಂಟಿನ ಹೆಸರನ್ನೂ, ಸಾಧ್ಯವಾದರೆ ಆ ಹಳೆಯ ಪೆಟ್ಟಿಗೆಯನ್ನೂ ತರಬೇಕು.

ಇಷ್ಟೆಲ್ಲ ಉಳಿಸಿದರೆ ಓದುವವರು ಯಾರು ಎಂಬುದು ಕೊನೆಯ ಆಕ್ಷೇಪ. ಫ.ಗು. ಹಳಕಟ್ಟಿಯವರು ವಿಜಯಪುರದ ಸುತ್ತಮುತ್ತ ಮನೆಮನೆ ತಿರುಗಿ ವಚನದ ಕಟ್ಟುಗಳನ್ನು ಕೂಡಿಹಾಕುವಾಗಲೂ ಓದುಗರು ಸಾಲುಗಟ್ಟಿ ನಿಂತಿರಲಿಲ್ಲ. 1923ರಲ್ಲಿ ‘ವಚನಶಾಸ್ತ್ರಸಾರ’ ಬಂದ ಮೇಲೆ ಓದುಗರು ಹುಟ್ಟಿಕೊಂಡರು. ಓದಬೇಕಾದರೆ ಏನಿದೆಯೆಂದು ತಿಳಿಯಬೇಕು, ತಿಳಿಯಬೇಕಾದರೆ ಸೂಚಿ ಬೇಕು. ನಮ್ಮಲ್ಲಿ ಹಣ ಹೋಗುವುದು ಕಟ್ಟಡಕ್ಕೆ, ಪುತ್ಥಳಿಗೆ, ಗಾಜಿನ ಕಪಾಟಿಗೆ. ಪೆಟ್ಟಿಗೆ ಬಿಚ್ಚಿ, ಹಾಳೆ ಎಣಿಸಿ, ಒಂದೊಂದರ ವಿವರ ಬರೆಯುವ ಮನುಷ್ಯನ ಸಂಬಳಕ್ಕೆ ಹೋಗುವುದಿಲ್ಲ. ಸೂಚಿಯಿಲ್ಲದ ಸಂಗ್ರಹ ಬೀಗ ಹಾಕಿದ ಕೋಣೆಗೆ ಸಮ. ಮುಂದೆ ಯಾವ ಲೇಖಕರ, ಯಾವ ಕಲಾವಿದರ ಸ್ಮಾರಕಕ್ಕೆ ನಿಮ್ಮ ಸಂಘ ಮನವಿ ಸಲ್ಲಿಸಿದರೂ, ಅದರಲ್ಲಿ ಹಳೆಗನ್ನಡ ಲಿಪಿಯನ್ನೂ ಹಳೆಯ ಫಾಂಟುಗಳನ್ನೂ ಬಲ್ಲ ಇಬ್ಬರು ಸೂಚಿಕಾರರ ಐದು ವರ್ಷದ ಸಂಬಳವನ್ನು ಕಟ್ಟಡದ ಖರ್ಚಿಗಿಂತ ಮೇಲಿನ ಸಾಲಿನಲ್ಲಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.