ಶಿಖರವಿಲ್ಲದ ಊರು

ಇಂಗ್ಲೆಂಡಿನ ಸಾಲಿಸ್‌ಬರಿಗೆ ಹೋಗುವ ಪ್ರವಾಸಿಗೆ ದಾರಿ ಕೇಳುವ ಅಗತ್ಯವಿಲ್ಲ. ಅಲ್ಲಿಯ ಮಹಾ ಇಗರ್ಜಿಯ 123 ಮೀಟರ್ ಎತ್ತರದ ಶಿಖರ ದೂರದಿಂದಲೇ ಊರನ್ನು ಸಾರುತ್ತದೆ. 1215ರ ಮ್ಯಾಗ್ನಾ ಕಾರ್ಟಾದ ಉಳಿದಿರುವ ನಾಲ್ಕು ಮೂಲಪ್ರತಿಗಳಲ್ಲಿ ಒಂದು ಅಲ್ಲಿದೆ. ನಾಡಿನ ಸಮ್ಮತಿಯಿಲ್ಲದೆ ಕೆಲವು ತೆರಿಗೆಗಳನ್ನು ಹೇರಲಾರೆನೆಂದು ಅರಸನು ಒಪ್ಪಿಕೊಂಡ ಚರ್ಮಪತ್ರವದು.

ಅದರೆದುರು ನಿಂತ ಕನ್ನಡಿಗನಿಗೆ ಅಂಕೋಲೆ ನೆನಪಾಗದಿದ್ದೀತೆ? 1930ರ ಏಪ್ರಿಲ್‌ನಲ್ಲಿ ಅಲ್ಲಿಯ ಜನ ಕಡಲ ನೀರಿನಿಂದ ಉಪ್ಪು ಮಾಡಿ ಆಂಗ್ಲರ ಕಾಯಿದೆಯನ್ನು ಮುರಿದರು. ಮುಂದೆ ಕರನಿರಾಕರಣೆಯಲ್ಲಿ ರೈತರು ಭೂಮಿಯನ್ನೇ ಕಳೆದುಕೊಂಡರು. ಸಾಲಿಸ್‌ಬರಿಯ ಪಾಠವನ್ನು ಆಂಗ್ಲರಿಗೇ ಒಪ್ಪಿಸಿದವರು ಇವರು!

ಕಾರವಾರದಿಂದ ಹೆದ್ದಾರಿ ಹಿಡಿದು ಬರುವವನಿಗೆ ಇದನ್ನು ಸಾರುವ ಶಿಖರ ಇಲ್ಲಿಲ್ಲ. ಸ್ಮಾರಕವಿದ್ದರೂ ಅದರ ಅರ್ಥವನ್ನು ಹೇಳುವ ನಾಲಗೆ ಬೇಕು. ಹಿರಿಯರಿಂದ ಕೇಳಿದ್ದನ್ನು ನಾವು ಜಗಲಿಯಲ್ಲಿ ಕುಳಿತು ಮಕ್ಕಳಿಗೆ ಹೇಳದಿದ್ದರೆ, ಬಂದವನು ಊರನ್ನು ಕಾಣದೆಯೇ ದಾಟಿ ಹೋದಾನು.