ಹತ್ತನೆಯ ಹುದ್ದರಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ತಾಳಮದ್ದಲೆಯ ರಸಿಕರಿಗೆ ಕುಂಬಳೆಯೆಂದರೆ ಪಾರ್ತಿಸುಬ್ಬನ ಊರು. ಆ ಊರಿನ ಹೆಸರನ್ನೇ ಹೊತ್ತ ಬೆಂಗಳೂರಿನ ಅನಿಲ್ ಕುಂಬ್ಳೆಯವರು 1999ರ ಫೆಬ್ರವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಮೆರೆದ ಸಾಹಸವನ್ನು ಕುರಿತು ನಾನು ಎರಡು ಮಾತು ಹೇಳಬಯಸುತ್ತೇನೆ.

ಗೆಲ್ಲಲು 420 ಓಟ ಬೇಕಿದ್ದ ಪಾಕಿಸ್ತಾನ ಹುದ್ದರಿ ನಷ್ಟವಿಲ್ಲದೆ 101 ಗಳಿಸಿತ್ತು. ಬಳಿಕ ಉರುಳಿದ ಹತ್ತೂ ಹುದ್ದರಿಗಳು ಕುಂಬ್ಳೆಯವರವೇ. ತೆತ್ತ ಓಟಗಳು 74. ಟೆಸ್ಟ್ ಪಂದ್ಯಗಳಲ್ಲಿ ಅದಕ್ಕೆ ಮೊದಲು ಇಂಥದನ್ನು ಸಾಧಿಸಿದವರು ಜಿಮ್ ಲೇಕರ್ ಒಬ್ಬರೇ, 1956ರಲ್ಲಿ, ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡಿನಲ್ಲಿ. 2021ರಲ್ಲಿ ಮುಂಬಯಿಯಲ್ಲಿ ಎಜಾಜ್ ಪಟೇಲ್ ಮೂರನೆಯವರಾದರು.

ಒಂಬತ್ತು ಹುದ್ದರಿ ಬಿದ್ದಾಗ ಇನ್ನೊಂದು ತುದಿಯಿಂದ ಚೆಂಡೆಸೆಯಬೇಕಾದವರು ಮೈಸೂರಿನ ಜಾವಗಲ್ ಶ್ರೀನಾಥ್. ಹತ್ತನೆಯದು ತಮ್ಮ ಪಾಲಿಗೆ ಬರಬಾರದೆಂದು ಅವರು ಗೂಟಗಳಿಂದ ದೂರದೂರಕ್ಕೆ ಎಸೆದರು. ಮರು ಓವರಿನಲ್ಲಿ ವಾಸಿಂ ಅಕ್ರಮ್ ಲಕ್ಷ್ಮಣರಿಗೆ ಕ್ಯಾಚಿತ್ತರು.

ಹುದ್ದರಿ ಕೀಳುವುದೇ ಎಸೆತಗಾರನ ಧರ್ಮವಲ್ಲವೆ ಎಂದು ಕೇಳಬಹುದು. ನಿಜ. ಆದರೆ ಗೆಲುವು ಆಗಲೇ ಕೈಸೇರಿದಂತಿತ್ತು. ಎದುರಿನ ಅರ್ಥಧಾರಿಯ ಮಾತು ಏರುತ್ತಿರುವಾಗ ತನ್ನ ಮಾತನ್ನು ತಡೆದುಕೊಳ್ಳುವವನನ್ನು ಬಲ್ಲ ನಿಮಗೆ, ಅಂಕಪಟ್ಟಿಯಲ್ಲಿ ಕಾಣದ ಆ ಒಂದು ಓವರಿನ ಸಂಯಮದ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ.