ಮೂರು ಗಂಟೆಯ ಶಾಲೆ



ಶಾಲೆಗೆ ಹಣ ಸಾಲದು, ಎಲ್ಲಿ ಉಳಿಸೋಣ ಎಂದು ಸರಕಾರಗಳು ಈಗಲೂ ಕೇಳುತ್ತವೆ. 1953ರಲ್ಲಿ ಮದರಾಸಿನ ಮುಖ್ಯಮಂತ್ರಿ ರಾಜಾಜಿಯವರು ಇದಕ್ಕೊಂದು ಉಪಾಯ ಹೂಡಿದರು. ಮುಂಬಯಿಯ ನಮ್ಮಲ್ಲಿ ಬಹುಮಂದಿಯ ಊರಾದ ದಕ್ಷಿಣ ಕನ್ನಡವೂ ಆಗ ಆ ರಾಜ್ಯಕ್ಕೇ ಸೇರಿತ್ತಷ್ಟೆ. ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮಗುವಿಗೆ ದಿನಕ್ಕೆ ಮೂರೇ ಗಂಟೆ ಪಾಠ. ಬೆಳಿಗ್ಗೆ ಒಂದು ಗುಂಪು, ಮಧ್ಯಾಹ್ನ ಇನ್ನೊಂದು. ಕಟ್ಟಡ ಅದೇ, ಮಾಸ್ತರರೂ ಅವರೇ. ಉಳಿದ ಹೊತ್ತು ಮನೆಯ ಕಸಬು ಕಲಿಯಲಿ ಎಂದರು.

ಲೆಕ್ಕವೇನೋ ಸರಿ. ಆದರೆ ಕುಂಬಾರನ ಮಗ ಪಾಠ ಬಿಟ್ಟು ಮಣ್ಣು ತುಳಿದ ಹೊತ್ತನ್ನು ಯಾವ ಖಾತೆಗೆ ಬರೆಯುವುದು? ಪಟ್ಟಣದ ವಕೀಲರ ಮಗನಿಗೆ ಈ ಯೋಜನೆ ತಟ್ಟಲೇ ಇಲ್ಲ! ಜನ ಇದನ್ನು ಕುಲಕಸಬಿನ ಶಿಕ್ಷಣವೆಂದು ಕರೆದು ಎದುರಿಸಿದರು. 1954ರಲ್ಲಿ ಅಧಿಕಾರಕ್ಕೆ ಬಂದ ಕಾಮರಾಜರು ಅದನ್ನು ಕೈಬಿಟ್ಟರು. 1956ರಿಂದ ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೂ ಏರ್ಪಾಡು ಮಾಡಿದರು. ಖರ್ಚು ಹೆಚ್ಚಿತು, ಶಾಲೆಗೆ ಬರುವ ಮಕ್ಕಳೂ ಹೆಚ್ಚಿದರು.

ದುಂದನ್ನು ಕತ್ತರಿಸಲಿ, ಬೇಡವೆನ್ನುವುದಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಕಲಿತವರು ಇಲ್ಲಿದ್ದೀರಿ. ನಿಮ್ಮ ಮಕ್ಕಳ ಶಾಲೆಯನ್ನು ಪಾಳಿಗೆ ಹಾಕುತ್ತೇವೆಂದು ಕಾಗದ ಬಂದರೆ, ಸಹಿ ಹಾಕುವ ಮುನ್ನ ಪಾಠ ಎಷ್ಟು ಗಂಟೆ ಎಂದು ಕೇಳಿ.